ಚಿತ್ರದಕ್ಕನ ಕಚ್ಚಾ ಹಾಳೆಗಳು

ಪಕ್ಕದ ಮನೆಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಸಕ್ಕರೆ, ಇಲ್ಲವೇ ಹೆಪ್ಪು ಹಾಕಲು ಒಂದು ಚಮಚ ಮೊಸರು. ಇವರು ಬಂದು ಕೇಳಿದ್ದು ಕರಿಬೇವಿನ ಒಂದು ಕಡ್ಡಿ.

"ಒಂದ ಕಡ್ಡಿ ಸಾಕ್ರಿ. ಅಡಿಗಿಗೆ ಅಲ್ಲ," ಎಂದರು.

ಅಡಿಗೆಗೆ ಅಲ್ಲದಿದ್ದರೆ ತಲೆಗೆ ಎಣ್ಣೆ ಕಾಯಿಸಲು ಇರಬೇಕು ಎಂದುಕೊಂಡು, ಕಿಟಕಿಯ ಡಬ್ಬದಲ್ಲಿದ್ದ ಗಿಡದಿಂದ ಧಾರಾಳವಾಗಿಯೇ ಮುರಿದು ಕೊಟ್ಟೆ. ಎರಡು ದಿನ ಕಳೆದು ಸಂಜೆ ಬಾಗಿಲು ತಟ್ಟಿದರು. ಬಾಡಿ ಸುರುಟಿದ್ದ ಅದೇ ಕಡ್ಡಿಯನ್ನು ನನ್ನ ಕೈಯಲ್ಲಿಟ್ಟು, "ನನ್ನ ಕೆಲಸ ಆತ್ರಿ. ನಿಮ್ಮದು ನಿಮಗ," ಎಂದು ಹೋದರು. ಡೊಂಬಿವಲಿಯಲ್ಲಿ ಸಂಸಾರ ಮಾಡಿದ ಅಷ್ಟು ವರ್ಷಗಳಲ್ಲಿ ನಾನು ನೆರೆಹೊರೆಗೆ ಕೊಟ್ಟ ವಸ್ತುಗಳಲ್ಲಿ ಕೇಳದೆ ತಿರುಗಿ ಬಂದದ್ದು ಆ ಕರಿಬೇವು ಒಂದೇ.

ಅವರು ಹೋದ ತಿಂಗಳು ತೀರಿಕೊಂಡರು. ಖಾರಘರದಲ್ಲಿ, ತಂಗಿಯ ಮಗಳ ಮನೆಯಲ್ಲಿ, ಮಧ್ಯಾಹ್ನದ ಊಟ ಮಾಡಿ ಮಲಗಿದವರು ಹಾಗೆಯೇ ಹೋದರಂತೆ. ನರಳಾಟ ಇಲ್ಲ, ಆಸ್ಪತ್ರೆ ಇಲ್ಲ. ದೇವರು ಅಷ್ಟು ಮಾಡಿದ. ನಾವು ಈಗ ಅಲ್ಲೇ ಹತ್ತಿರದ ಕಾಮೋಠೆಯಲ್ಲಿರುವುದರಿಂದ ಸುದ್ದಿ ಬಂದ ಕೂಡಲೇ ಹೋಗಿ ಮುಖ ನೋಡಲು ಸಾಧ್ಯವಾಯಿತು. ಅದೂ ಅವನದೇ ದಯೆ. ಬಂದ ಮೇಲೆ ನೆನಪಾದದ್ದನ್ನು ನೆನಪಾದ ಹಾಗೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅವರು ಎಲ್ಲರಿಗೂ ಚಿತ್ರದಕ್ಕ. ಇಲ್ಲಿಯೂ ಅಷ್ಟೇ ಸಾಕು.

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಡೊಂಬಿವಲಿಯ ಪೂರ್ವಕ್ಕೆ, ರೈಲಿನ ಹಳಿಗೆ ಬೆನ್ನು ಹಾಕಿ ನಿಂತ ಮೂರು ಮಾಳಿಗೆಯ ಕಟ್ಟಡ ನಮ್ಮದು. ನಮ್ಮವರು ಮುಂಬಯಿಯ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿ ಊರಿನಿಂದ ಬಂದ ಅತ್ತೆ, ಇಬ್ಬರು ಮಕ್ಕಳು. ಉಡುಪಿ ಕಡೆಯವರಾದ ನಮಗೆ ಮನೆಯೊಳಗೆ ತುಳು, ಮನೆಗಳ ಮುಂದಿನ ಉದ್ದ ಗ್ಯಾಲರಿಗೆ ಬಂದರೆ ಮರಾಠಿ. ಚಿತ್ರದಕ್ಕ ಧಾರವಾಡದ ಕಡೆಯವರು. ಅವರು ಬಂದ ಮೇಲೆ ಗ್ಯಾಲರಿಯಲ್ಲಿ ಕನ್ನಡವೂ ಕೇಳತೊಡಗಿತು. ಅದೂ ಎರಡು ಬಗೆಯ ಕನ್ನಡ. ಮದುವೆಯಾಗಿರಲಿಲ್ಲ, ವಯಸ್ಸು ನಲವತ್ತು ದಾಟಿತ್ತು. ಠಾಣೆಯ ಕಾಲೇಜೊಂದರಲ್ಲಿ, ಸಸ್ಯಶಾಸ್ತ್ರ ವಿಭಾಗದಲ್ಲಿ, ಗಿಡಗಳ ಚಿತ್ರ ಬಿಡಿಸುವ ಕೆಲಸ ಅವರದು. ಅಂಥ ಒಂದು ಕೆಲಸ ಇದೆ ಎಂಬುದನ್ನು ನಂಬಲು ಅತ್ತೆಗೆ ಒಂದು ವಾರವೇ ಬೇಕಾಯಿತು.

"ಪಾಠ ಮಾಡ್ಲಿಕ್ಕೆ ಇಲ್ವಾ?"

"ಇಲ್ರಿ, ಅಜ್ಜಿ."

"ಪೇಪರ್ ತಿದ್ಲಿಕ್ಕೆ?"

"ಅದೂ ಇಲ್ರಿ."

"ಎಲೆ ನೋಡಿ ಎಲೆ ಬರೆದು ಕೊಟ್ರೆ ಆಯ್ತಾ?"

"ಎಲಿ, ಹೂ, ಕಾಯಿ, ಬೀಜ. ಬೇರು ಇದ್ರ ಬೇರೂ."

"ಒಳ್ಳೆ ಪುಣ್ಯ ಮಾಡಿದ್ದೀ ಮಾರಾಯ್ತಿ," ಎಂದರು ಅತ್ತೆ. ನಿಜಕ್ಕೂ ಮೆಚ್ಚಿ ಹೇಳಿದ ಮಾತು ಅದು. ನಮ್ಮ ಅತ್ತೆಗೆ ವ್ಯಂಗ್ಯ ಬರುತ್ತಿರಲಿಲ್ಲ.

ಚಿತ್ರದಕ್ಕ ತೆಳ್ಳಗಿನ, ನೆಟ್ಟಗಿನ ಹೆಂಗಸು. ಎಲ್ಲರೂ ತುರುಬಿಗೆ ಹೂ ಮುಡಿದರೆ ಅವರು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದು ಗಟ್ಟಿ ಸೀಸದ್ದು, ಒಂದು ಮೆತ್ತನೆಯದು. ಎಷ್ಟೋ ಸಲ ಹಾಗೆಯೇ ಲೋಕಲ್ ರೈಲು ಹತ್ತಿ ಹೋಗಿಬಿಡುತ್ತಿದ್ದರು. ಕೈಯಲ್ಲಿ ಸ್ಟೀಲಿನ ದೊಡ್ಡ ಡಬ್ಬಿ. ಹೆಂಗಸರ ಬೋಗಿಯಲ್ಲಿ ಬಟಾಣಿ ಸುಲಿಯುತ್ತ ಕೂತ ಹೆಂಗಸರು, "ಆಜ ಕಶಾಚೀ ಭಾಜೀ?" ಎಂದು ಕೇಳಿದರೆ, ಇವತ್ತು ಯಾವ ಪಲ್ಯ ಎಂಬ ಆ ಪ್ರಶ್ನೆಗೆ ಉತ್ತರವಾಗಿ ಮುಚ್ಚಳ ತೆರೆದು ತೋರಿಸುತ್ತಿದ್ದರು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಯಾವುದೋ ಕಳೆಗಿಡ ಇರುತ್ತಿತ್ತು. ಒಮ್ಮೆ ನಾನೂ ಜೊತೆಗಿದ್ದೆ. ದಿವಾ ಸ್ಟೇಷನ್ ದಾಟುವಾಗ ಎದುರಿನವಳ ಕೈಗೆ ಒಂದು ರೆಂಬೆ ಕೊಟ್ಟು, "ಹಿಂಗ ಹಿಡಕೋರಿ, ಅಲ್ಲಾಡಸಬ್ಯಾಡ್ರಿ" ಎಂದು ಕನ್ನಡದಲ್ಲಿಯೇ ಹೇಳಿ ಹಾಳೆ ತೆಗೆದು ಬಿಡಿಸತೊಡಗಿದರು. ಆಕೆ ಗುಜರಾತಿಯವಳು. ಒಂದಕ್ಷರ ತಿಳಿಯದಿದ್ದರೂ ಠಾಣೆ ಬರುವ ತನಕ ಉಸಿರು ಬಿಗಿಹಿಡಿದು ಕೂತಿದ್ದಳು.

"ರೈಲಲ್ಲಿ ಎಂತಕ್ಕೆ? ಕಾಲೇಜಿಗೆ ಹೋಗಿ ಮಾಡಬಾರದಾ?" ಎಂದೆ.

"ಗಿಡಾ ಕುಂತಿರತದ ಖರೆ, ಸುಮ್ಮನ ಕುಂತಿರೂದಿಲ್ರಿ," ಎಂದರು. "ಕಿತ್ತ ಮ್ಯಾಲ ಅಂತೂ ಘಳಿಗಿಗೊಂದು ಮಾರಿ ಮಾಡತದ."

ಆ ಮಾತಿನ ಅರ್ಥ ನನಗೆ ತಿಳಿದದ್ದು ನಮ್ಮಿಬ್ಬರ ನಡುವಿನ ಒಂದೇ ಒಂದು ಜಗಳದಲ್ಲಿ. ಕಟ್ಟಡದ ಅಂಗಳದಲ್ಲಿ ಒಂದು ಬಿಳಿ ದಾಸವಾಳದ ಗಿಡವಿತ್ತು. ಬೆಳಿಗ್ಗೆ ಹಾಲು ತರಲು ಇಳಿದಾಗ ನಾಲ್ಕು ಹೂ ಕೊಯ್ದು ತಂದು ದೇವರಿಗೆ ಇಡುವುದು ನನ್ನ ಪದ್ಧತಿ. ಒಂದು ದಿನ ಪೂಜೆ ಮುಗಿಸಿ ಏಳುವಷ್ಟರಲ್ಲಿ ಬಾಗಿಲಲ್ಲಿ ಚಿತ್ರದಕ್ಕ. ಕೈಯಲ್ಲಿ ಹಾಳೆ.

"ಗ್ವಾಡಿ ಕಡೆ ಟೊಂಗ್ಯಾಗ ಒಂದು ಹೂ ಇತ್ತು. ಯಾರ ಒಯ್ದರ್ರಿ?"

"ದೇವರ ತಲೆಯ ಮೇಲೆ ಉಂಟು."

"ಅರ್ಧಾ ಬಿಡಿಸಿ ಚಹಾ ಕುಡ್ಯಾಕ ಮ್ಯಾಲ ಬಂದಿದ್ದೆ. ಉಳಿದ ಅರ್ಧಾ ನಿಮ್ಮ ದೇವರು ತಗೊಂಡ."

"ಹಾಗಾದ್ರೆ ಅವನ ಹತ್ತಿರವೇ ಕೇಳಿ," ಎಂದೆ. ನನಗೂ ಸ್ವಲ್ಪ ಸಿಟ್ಟು ಬಂದಿತ್ತು.

ಅವರು ಒಳಗೆ ಬಂದು, ಕಾಲು ಮಡಚಿ ದೇವರ ಮುಂದೆ ಕೂತು, ಕೃಷ್ಣನ ಕಿರೀಟದ ಪಕ್ಕದಲ್ಲಿದ್ದ ಹೂವನ್ನು ಇದ್ದಲ್ಲಿಯೇ ನೋಡಿ ಉಳಿದರ್ಧ ಬಿಡಿಸಿದರು. ಅಷ್ಟು ಹೊತ್ತು ನಮ್ಮ ದೇವರನ್ನು ಯಾರೂ ಕಣ್ಣು ಮಿಟುಕಿಸದೆ ನೋಡಿದ್ದಿಲ್ಲ. ಎದ್ದು ಹೋಗುವಾಗ ಅತ್ತೆ ತೀರ್ಥ ಕೊಟ್ಟರು. ತೆಗೆದುಕೊಂಡರು. ಅಲ್ಲಿಗೆ ಜಗಳ ಮುಗಿಯಿತು.

ಅವರ ಮನೆಯಲ್ಲಿ ಎರಡು ಬಗೆಯ ಹಾಳೆಗಳಿದ್ದವು. ಅವರು ಅವನ್ನು ಕಚ್ಚಾ, ಪಕ್ಕಾ ಎನ್ನುತ್ತಿದ್ದರು. ಗಿಡದ ಮುಂದೆ ಕೂತು ಮೊದಲು ಬಿಡಿಸಿದ್ದು ಕಚ್ಚಾ. ಅದರಲ್ಲಿ ಎಲೆಯ ಪಕ್ಕ ಎಲೆ, ಅಳಿಸಿದ ಗೆರೆಯ ಮೇಲೆ ಇನ್ನೊಂದು ಗೆರೆ, ಅಂಚಿನಲ್ಲಿ ಬಣ್ಣ ಹೊಂದಿಸಿ ನೋಡಿದ ಮಚ್ಚೆಗಳು, "ಗಾಳಿ ಬಂತು", "ಇರಿವಿ ಹತ್ತಿತು", "ಬಿಸಲಿಗೆ ತಲಿ ಹಾಕಿತು" ಎಂಬ ಸಣ್ಣ ಅಕ್ಷರದ ಟಿಪ್ಪಣಿಗಳು. ಅಂಥ ಎಷ್ಟೋ ಹಾಳೆಗಳನ್ನು ನೋಡಿ, ಕೊನೆಗೆ ಶುಭ್ರವಾದ ದಪ್ಪ ಕಾಗದದ ಮೇಲೆ ಬಿಡಿಸಿದ್ದು ಪಕ್ಕಾ. ಪಕ್ಕಾ ಹಾಳೆಗಳನ್ನು ಪ್ರೊಫೆಸರರು ಒಯ್ಯುತ್ತಿದ್ದರು. ಅವು ಪುಸ್ತಕದಲ್ಲಿ ಅಚ್ಚಾಗುತ್ತಿದ್ದವು. ಕಚ್ಚಾಗಳು ಮಂಚದ ಕೆಳಗಿನ ತಗಡಿನ ಪೆಟ್ಟಿಗೆಗೆ ಹೋಗುತ್ತಿದ್ದವು.

ನನಗೆ ಕಚ್ಚಾ ಹಾಳೆ ನೋಡುವುದೇ ಇಷ್ಟ. ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಹಿಟ್ಟು ಮೆತ್ತಿದ ಕೈಯಲ್ಲಿರುವಾಗ ನೆಂಟರು ನೇರ ಒಳಗೆ ಬಂದರೆ ನಮಗೆ ಹೇಗಾಗುತ್ತದೋ ಹಾಗೆ ಮುಖ ಮಾಡುತ್ತಿದ್ದರು.

ಚಿತ್ರ ನೋಡಲು ಕಟ್ಟಡದವರು ಆಗಾಗ ಬರುತ್ತಿದ್ದರು. ಪಕ್ಕಾ ಹಾಳೆಯನ್ನು ಗೋಡೆಗೆ ಒರಗಿಸಿಟ್ಟು ಚಿತ್ರದಕ್ಕ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಬಂದವರ ಮೊದಲ ಪ್ರಶ್ನೆ, ಇದು ಯಾವ ಗಿಡ. ಹೆಸರು ಹೇಳಿದ ಮೇಲಿನ ಪ್ರಶ್ನೆ, ಯಾವ ರೋಗಕ್ಕೆ ಮದ್ದು. ಕೆಳಗಿನ ಮಾಳಿಗೆಯ ಕುಳಕರ್ಣಿ ಕಾಕಾ ಅಂತೂ ಯಾವ ಎಲೆ ಕಂಡರೂ ತಮ್ಮ ಮಂಡಿನೋವಿಗೆ ಆಗುತ್ತದೆಯೇ ಎಂದು ಕೇಳುತ್ತಿದ್ದರು. ಚಿತ್ರದಕ್ಕ ಎಲ್ಲದಕ್ಕೂ ತಾಳ್ಮೆಯಿಂದ ಉತ್ತರಿಸಿ, ಅವರು ಹೋದ ಮೇಲೆ ಹಾಳೆ ಸುತ್ತಿಡುತ್ತಿದ್ದರು.

ಒಂದು ದಿನ ನನ್ನ ಹತ್ತಿರ ಹೇಳಿದರು: "ನನಗ ಒಂದ ಆಸೆ ಐತ್ರಿ. ನಗಬ್ಯಾಡ್ರಿ. ಯಾರರೆ ಒಬ್ಬರು ಗಿಡದ ಹೆಸರು ಕೇಳದ ನನ್ನ ಚಿತ್ರ ನೋಡಬೇಕು. ಬರೇ ಚಿತ್ರ ಅಂತ. ಒಂದ ಸಲ ಸಾಕು."

ನಾನು ನಗಲಿಲ್ಲ. ಆದರೆ ಇದನ್ನು ದೇವರ ಹತ್ತಿರ ಹೇಗೆ ಬೇಡಿಕೊಳ್ಳುವುದು ಎಂದು ಮಾತ್ರ ಗೊತ್ತಾಗಲಿಲ್ಲ. ಮಕ್ಕಳ ಜ್ವರ, ನಮ್ಮವರ ಬಡ್ತಿ, ನಳ್ಳಿಯಲ್ಲಿ ನೀರು, ಇವಕ್ಕೆಲ್ಲ ಬೇಡಿ ಅಭ್ಯಾಸವಿತ್ತು. ಆದರೂ ದೀಪ ಹಚ್ಚುವಾಗ ಸೇರಿಸಿ ಹೇಳುತ್ತಿದ್ದೆ: ಇವರಿಗೆ ಹೆಸರು ಕೇಳದ ಒಬ್ಬರನ್ನು ಕಳಿಸಪ್ಪ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲದ ಮೊದಲಿಗೆ ಅವಕಾಶ ತಾನಾಗಿ ಬಂತು. ಠಾಣೆಯ ಚಿತ್ರಕಲೆಯ ಮಾಸ್ತರರೊಬ್ಬರು ಸುತ್ತಮುತ್ತಲಿನ ಕಲಾವಿದರ ಚಿತ್ರಗಳನ್ನು ಒಂದು ಶಾಲೆಯ ಸಭಾಂಗಣದಲ್ಲಿ ಪ್ರದರ್ಶನಕ್ಕೆ ಇಡುವವರಿದ್ದರು. ಚಿತ್ರದಕ್ಕನಿಗೂ ನಾಲ್ಕು ಚಿತ್ರ ತೂಗುವಷ್ಟು ಜಾಗ ಕೊಟ್ಟಿದ್ದರು. ಪ್ರದರ್ಶನ ದಸರೆ ಕಳೆದ ಮೊದಲ ಆದಿತ್ಯವಾರ. ಇದಕ್ಕೆಂದೇ ಅವರು ಆ ಮಳೆಗಾಲದ ರಜೆಗಳಲ್ಲೆಲ್ಲ ಕೂತು ನಾಲ್ಕು ಪಕ್ಕಾ ಹಾಳೆ ಮಾಡಿದರು. ಪ್ರೊಫೆಸರರಿಗಲ್ಲ, ತಮಗೆ. ಅವುಗಳಲ್ಲಿ ಒಂದು ನಮ್ಮ ಕಟ್ಟಡದ ಹಿಂದೆ ರೈಲ್ವೆ ಬೇಲಿಗೆ ಹಬ್ಬಿದ್ದ ಬಳ್ಳಿ. ಅದರ ಹೂ ತಲೆಕೆಳಗಾಗಿ ಅರಳಿ, ಎಸಳುಗಳನ್ನು ಮಾತ್ರ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಬೆಂಕಿಯಂಥ ಕೆಂಪು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಮಂಡಿನೋವಿಗೆ ಆಗುತ್ತದೆಯೇ ಎಂದು ಕೇಳುತ್ತೀರಿ.

ನವರಾತ್ರಿಯಲ್ಲಿ ನಮ್ಮಲ್ಲಿ ಶಾರದಾ ಪೂಜೆ. ಮಕ್ಕಳ ಪುಸ್ತಕ, ನಮ್ಮವರ ಪೆನ್ನು, ನನ್ನ ಭಜನೆಯ ಪುಸ್ತಕ, ಎಲ್ಲವನ್ನೂ ಮಣೆಯ ಮೇಲೆ ಪೇರಿಸಿ ದೇವಿಯ ಮುಂದೆ ಇಡುತ್ತೇವೆ. ದಶಮಿಯ ದಿನ ಪೂಜೆ ಮಾಡಿ ತೆಗೆಯುವ ತನಕ ಯಾರೂ ಮುಟ್ಟುವಂತಿಲ್ಲ. ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ಹಬ್ಬ ಇಲ್ಲ. ಆ ವರ್ಷ ಅತ್ತೆ ತಾವೇ ಹೋಗಿ ಚಿತ್ರದಕ್ಕನಿಗೆ ಹೇಳಿದರು: "ನಾಲ್ಕು ಜನ ನೋಡುವ ವಿದ್ಯೆ. ಮೊದಲು ಅಮ್ಮ ನೋಡಲಿ. ತಂದು ಇಡು." ಅವರು ಪೂಜೆ ಪುನಸ್ಕಾರದ ಹೆಂಗಸಲ್ಲ. ಆದರೆ ಅತ್ತೆಯ ಮಾತಿಗೆ ಇಲ್ಲ ಎಂದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ನಾಲ್ಕು ಹಾಳೆಗಳನ್ನೂ ತಂದು, ಎಲ್ಲಕ್ಕಿಂತ ಮೇಲೆ ಇಟ್ಟು ಹೋದರು.

ದಶಮಿಯ ಬೆಳಿಗ್ಗೆ ನಾನು ಒಲೆಯ ಮುಂದೆ ಪಾಯಸ ತಿರುವುತ್ತಿದ್ದೆ. ಅತ್ತೆ ಪೂಜೆಗೆ ಕೂತಿದ್ದರು. ಪುಸ್ತಕಕ್ಕೆ, ಪೆನ್ನಿಗೆ, ಕತ್ತರಿಗೆ, ಅಕ್ಕಿ ಅಳೆಯುವ ಪಾವಿಗೆ, ಎಲ್ಲಕ್ಕೂ ನೀರಲ್ಲಿ ಕಲಸಿದ ಕುಂಕುಮದ ಬೊಟ್ಟು ಇಡುವುದು ಪದ್ಧತಿ. ಅವರು ನಾಲ್ಕು ಚಿತ್ರಗಳಿಗೂ ಇಟ್ಟರು. ಒಂದೊಂದಕ್ಕೆ ಒಂದೊಂದು, ಹೆಬ್ಬೆರಳಿನಷ್ಟು ದೊಡ್ಡದು, ಮೇಲೆ ಅಕ್ಷತೆ.

ಚಿತ್ರದಕ್ಕ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು ಪ್ರಸಾದಕ್ಕೆ ಬಂದರು. ಹಾಳೆ ನೋಡಿದರು. ನಾನು ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲೇ ನಿಂತೆ. ನನ್ನ ಮುಖ ಕಂಡು ಏನೋ ಆಗಿದೆ ಎಂದು ಅತ್ತೆಗೆ ತಿಳಿಯಿತು.

"ಎಲೆಯ ಮೇಲೆ ಹಾಕಲಿಲ್ಲ ಮಾರಾಯ್ತಿ. ಹೂವಿನ ಮೇಲೂ ಇಲ್ಲ. ಖಾಲಿ ಜಾಗ ನೋಡಿಯೇ ಇಟ್ಟದ್ದು," ಎಂದರು.

ಅವರ ಪಕ್ಕಾ ಚಿತ್ರಗಳಲ್ಲಿ ಖಾಲಿ ಜಾಗವೇ ಎಲ್ಲಕ್ಕಿಂತ ದೊಡ್ಡ ಮಡಿ ಎಂದು ನನಗೆ ಗೊತ್ತಿತ್ತು. ಬಿಳಿಯ ಮೇಲೆ ಒಂದು ಬೆರಳ ಗುರುತು ಬಿದ್ದರೂ ಅವರು ಇಡೀ ಹಾಳೆ ತಿರುಗಿ ಮಾಡುತ್ತಿದ್ದರು. ಚಿತ್ರದಕ್ಕ ಹಾಳೆಗಳನ್ನು ಒಂದೊಂದಾಗಿ ಎತ್ತಿ, ಅಕ್ಷತೆ ಉದುರಿಸಿ ನೋಡಿದರು. ಆಮೇಲೆ, "ಅಜ್ಜಿ ಜಾಗಾ ಮಾತ್ರ ಛಲೋ ಹುಡಕ್ಯಾರ," ಎಂದರು. ಪಾಯಸವನ್ನೂ ಕುಡಿದರು.

ಬ್ರೆಡ್ಡಿನ ತುಂಡಿನಿಂದ ಮೆಲ್ಲಗೆ ಒರೆಸಿ ನೋಡಿದರು. ಕೆಂಪು ಇದ್ದದ್ದು ಗುಲಾಬಿಯಾಗಿ ಅಗಲವಾಯಿತು. ತಿರುಗಿ ಮಾಡಲು ಸಮಯವಿರಲಿಲ್ಲ. ಒಂದೊಂದಕ್ಕೂ ತಿಂಗಳು ಹಿಡಿದಿತ್ತು, ಗಿಡಗಳೂ ಒಣಗಿ ಹೋಗಿದ್ದವು. ಮಾಸ್ತರರಿಗೆ ಜಾಗ ಬೇಡ ಎಂದು ಹೇಳಿ ಬರುತ್ತೇನೆ ಎಂದು ಮರುದಿನ ಹೊರಟರು. ನಾನು ಗ್ಯಾಲರಿಯಲ್ಲಿ ಅಡ್ಡ ನಿಂತೆ.

"ಪೆಟ್ಟಿಗೆಯಲ್ಲಿ ಅಷ್ಟು ಚಿತ್ರ ಉಂಟಲ್ಲ. ಅದರಲ್ಲಿ ನಾಲ್ಕು ಹಾಕಿ."

"ಕಚ್ಚಾನ? ತಲಿ ಬಾಚದ ನೀವು ಸ್ಟೇಷನ್‌ಗೆ ಹೋಗ್ತೀರೇನ್ರಿ?"

"ರೈಲು ತಪ್ಪುತ್ತದೆ ಅಂತಾದ್ರೆ ಹೋಗ್ತೇನೆ."

"ನಿಮ್ಮದು ಆತು ಬಿಡ್ರಿ," ಎಂದು ನಕ್ಕರು. ಆದರೂ ತಮ್ಮ ಮನೆಯೊಳಗೆ ತಿರುಗಿ ಬಂದು ಕೂತರು. ನಾನು ಪೆಟ್ಟಿಗೆ ಎಳೆದು ಬಳ್ಳಿಯ ಕಚ್ಚಾ ಹಾಳೆ ಹೊರತೆಗೆದೆ. ಅದರಲ್ಲಿ ಒಂದೇ ಹೂವನ್ನು ದಿನಕ್ಕೊಂದು ಸಲ ಸಾಲಾಗಿ ಬಿಡಿಸಿದ್ದರು. ಮೊಗ್ಗು, ಹಸಿರು, ಹಳದಿ, ಹಳದಿಗೆ ಕೆಂಪು ಏರುತ್ತಿರುವುದು. ಕೊನೆಯದಕ್ಕೆ ಬರೀ ಪೆನ್ಸಿಲ್ಲಿನ ಗೆರೆ. ಅಷ್ಟರಲ್ಲಿ ರೈಲ್ವೆಯವರು ಬಂದು ಬೇಲಿ ಸವರಿಬಿಟ್ಟಿದ್ದರು. ಪಕ್ಕಾ ಹಾಳೆಯ ಕೆಂಪು ಹೂವನ್ನು ಅವರು ಮುಂಬ್ರಾ ಗುಡ್ಡದ ಬೇರೊಂದು ಬಳ್ಳಿ ನೋಡಿ ಮಾಡಿದ್ದರು.

"ಇದು ಅಪೂರ್ಣ ಅದರಿ," ಎಂದರು. "ಈ ಎಲಿ ನೋಡ್ರಿ, ಹುಳಾ ತಿಂದು ತೂತು ಬಿದ್ದದ. ಪಕ್ಕಾದಾಗ ಇದನ್ನ ತುಂಬಿಸಿ ಕೊಡತೀನಿ."

"ನನಗೆ ಈ ತೂತಿನ ಎಲೆಯೇ ಗುರುತು ಸಿಗುವುದು. ನಮ್ಮ ಬೇಲಿಯದ್ದು ಇದೇ. ಪಕ್ಕಾದ್ದು ಯಾವ ಊರಿನದ್ದೂ ಆಗಬಹುದು."

"ಹಂಗ ಇರಬೇಕರಿ ಅದು. ತೂತು ಆ ಎಲಿದು, ಗಿಡದ್ದಲ್ಲ. ಶಾಸ್ತ್ರಕ್ಕ ಬ್ಯಾಡ."

"ಶಾಸ್ತ್ರದವರು ಅಲ್ಲಿಗೆ ಬರುವುದಿಲ್ಲ ಅಲ್ಲ. ನಮ್ಮಂಥವರು ಬರುವುದು."

ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಅತ್ತೆ ಬಾಯಿ ಹಾಕಿದರು. ಹಿಂದಿನ ದಿನ ಬೊಟ್ಟಿಟ್ಟಾಗಿನಿಂದ ಅವರು ಊಟವನ್ನೂ ಸರಿಯಾಗಿ ಮಾಡಿರಲಿಲ್ಲ.

"ತೂತಿನ ಎಲೆ ದೇವರಿಗೆ ಆಗುವುದಿಲ್ಲ. ಬಿಲ್ವಪತ್ರೆ ಆದ್ರೂ ನಾನು ಆರಿಸಿ ಬಿಸಾಡ್ತೇನೆ. ನಿನ್ನ ಒಳ್ಳೊಳ್ಳೇದು ನಾಲ್ಕು ದೇವರಿಗೆ ಹೋಯ್ತು. ಉಳಿದದ್ದು ಮನುಷ್ಯರಿಗೆ ಕೊಡು ಮಗಾ. ಅವರಿಗೆ ಆಗ್ತದೆ."

ಚಿತ್ರದಕ್ಕ ಅತ್ತೆಯನ್ನೇ ನೋಡಿದರು. ಆಮೇಲೆ ತುರುಬಿನಿಂದ ಪೆನ್ಸಿಲ್ ತೆಗೆದು ನೆಲದ ಮೇಲಿಟ್ಟು, ಪೆಟ್ಟಿಗೆಯನ್ನು ತಾವೇ ಹತ್ತಿರ ಎಳೆದುಕೊಂಡರು.

ಆದಿತ್ಯವಾರ ಅವರ ಜೊತೆ ನಾನೂ ಹೋದೆ. ಕಿಟಕಿಯ ಸೀಟು ಸಿಕ್ಕಿತು, ಹಾಳೆಗಳು ಮುದುಡಲಿಲ್ಲ, ಸಣ್ಣ ಉಪಕಾರಗಳು. ಸಭಾಂಗಣದಲ್ಲಿ ಎಣ್ಣೆ ಬಣ್ಣದ ದೊಡ್ಡ ದೊಡ್ಡ ಚಿತ್ರಗಳು: ಮೀನುಗಾರರ ಕೇರಿಯ ದೋಣಿ, ಸೂರ್ಯಾಸ್ತ, ಕೊಡ ಹೊತ್ತ ಹೆಂಗಸು. ನಮಗೆ ಸಿಕ್ಕಿದ್ದು ಹಿಂಬಾಗಿಲ ಹತ್ತಿರದ ಗೋಡೆ. ಜನ ಬಂದರು. ಒಬ್ಬರು ಬಳ್ಳಿಯ ಹೆಸರು ಕೇಳಿದರು. ಚಿತ್ರದಕ್ಕ ಹೇಳಿದರು. ಇನ್ನೊಬ್ಬರು ಇದು ಇನ್ನೂ ಮುಗಿದಿಲ್ಲವೇ ಎಂದರು. ಇಲ್ಲ ಎಂದರು. ಕನ್ನಡಕದ ಯುವಕನೊಬ್ಬ ಸಕ್ಕರೆ ಕಾಯಿಲೆಗೆ ಇದರ ಎಲೆ ಆಗುತ್ತದೆಯೇ ಎಂದು ವಿಚಾರಿಸಿದ. ಮಧ್ಯಾಹ್ನದ ಹೊತ್ತಿಗೆ ಚಿತ್ರದಕ್ಕ ನನ್ನ ಕಡೆ ತಿರುಗಿ, "ನೋಡ್ರಿ, ಕಚ್ಚಾ ಆದ್ರೂ ಅಷ್ಟ, ಪಕ್ಕಾ ಆದ್ರೂ ಅಷ್ಟ," ಎಂದರು. ಸೋತ ದನಿ. ನಾನು ಬಾಯಲ್ಲೇ ನಾಮಜಪ ಮಾಡುತ್ತ ಕೂತೆ.

ಜನ ಕಡಿಮೆಯಾಗುತ್ತ ಬಂದಾಗ ಮಧ್ಯವಯಸ್ಸಿನ ಒಬ್ಬ ಮರಾಠಿ ಹೆಂಗಸು ಒಳಗೆ ಬಂದಳು. ಚಿತ್ರಕ್ಕೆ ಬಂದವಳಲ್ಲ, ಹೊರಗಿನ ಬಿಸಿಲಿಗೆ ಬೇಸತ್ತು ಫ್ಯಾನಿನ ಕೆಳಗೆ ನಿಲ್ಲಲು ಬಂದವಳು. ಎರಡೂ ಕೈಯಲ್ಲಿ ತರಕಾರಿಯ ಚೀಲ. ಬೆವರು ಆರಿಸಿಕೊಳ್ಳುತ್ತ ಎದುರಿಗಿದ್ದ ಹಾಳೆಯನ್ನು ನೋಡಿದಳು. ಮೊಗ್ಗಿನಿಂದ ಶುರುಮಾಡಿ ಒಂದೊಂದೇ ಹೂವಿನ ಮೇಲೆ ಅವಳ ಕಣ್ಣು ಸರಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಚೀಲಗಳನ್ನು ನೆಲಕ್ಕಿಟ್ಟಳು. ಹತ್ತಿರ ಹೋಗಿ ಆ ತೂತಿನ ಎಲೆಯನ್ನು ನೋಡಿ ಸಣ್ಣಗೆ ನಕ್ಕಳು. ಮತ್ತೆ ಸಾಲಿನ ಕೊನೆಗೆ, ಗೆರೆ ಮಾತ್ರ ಇದ್ದ ಹೂವಿಗೆ ಬಂದು ನಿಂತಳು. ತಿರುಗಿ ಚಿತ್ರದಕ್ಕನನ್ನು ಕೇಳಿದಳು:

"ಮಗ ಕಾಯ ಝಾಲಂ?"

ಆಮೇಲೆ ಏನಾಯಿತು ಎಂದು. ಯಾರೋ ಕಥೆ ಹೇಳುತ್ತ ನಡುವೆ ನಿಲ್ಲಿಸಿದರೆ ಕೇಳುತ್ತೇವಲ್ಲ, ಅದೇ ದನಿ.

ಚಿತ್ರದಕ್ಕ ಹಾಳೆಯ ಹತ್ತಿರ ಬಂದರು. ಆಮೇಲೆ ತಮ್ಮ ಮುರುಕು ಮರಾಠಿಯಲ್ಲಿ ಹೇಳತೊಡಗಿದರು. ಬಳ್ಳಿ ಎಲ್ಲಿತ್ತು, ದಿನಾ ಬೆಳಿಗ್ಗೆ ಕೊಡೆ ಹಿಡಿದು ಹೇಗೆ ಕೂರುತ್ತಿದ್ದರು, ರೈಲು ಹೋದಾಗಲೆಲ್ಲ ಹೂ ಹೇಗೆ ನಡುಗುತ್ತಿತ್ತು, ಕೊನೆಯ ದಿನ ಕೆಂಪು ಬಣ್ಣ ಕಲಸಿಕೊಂಡು ಇಳಿದರೆ ಬೇಲಿ ಹೇಗೆ ಬೋಳಾಗಿತ್ತು. ಪಕ್ಕಾ ಚಿತ್ರದ ಬಗ್ಗೆ ಎರಡು ಮಾತಿನ ಮೇಲೆ ಆಡದಿದ್ದ ಹೆಂಗಸು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಕೇಳಿದವಳು, "ಅರೇರೇ" ಎಂದಳು. ಮಳೆ ಬಂದರೆ ಬೇರಿನಿಂದ ತಿರುಗಿ ಬಂದೀತು ಎಂದಳು. ಇನ್ನೊಂದು ಸಲ ಮೊದಲಿನಿಂದ ಕೊನೆಯವರೆಗೆ ನೋಡಿ, ಚೀಲ ಎತ್ತಿಕೊಂಡು ಬಿಸಿಲಿಗೆ ಇಳಿದು ಹೋದಳು.

ಸಂಜೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಸ್ಲೋ ಲೋಕಲ್ ಕಾಯುತ್ತ ನಿಂತಿದ್ದಾಗ ಚಿತ್ರದಕ್ಕ, "ಆಕಿ ಹೆಸರು ಕೇಳಲೇ ಇಲ್ರಿ," ಎಂದರು.

"ಯಾರದ್ದು, ನಿಮ್ಮದಾ?"

"ನಂದೂ ಕೇಳಲಿಲ್ಲ, ಗಿಡದ್ದೂ ಕೇಳಲಿಲ್ಲ." ಹಾಳೆಗಳ ಸುರುಳಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು. ಅವರ ಮುಖ ನೋಡಿ ನಾನು ಮನಸ್ಸಿನಲ್ಲೇ ಕೈ ಮುಗಿದೆ.

"ಮುಂದಿನ ಮಳೆಗೆ ಬಳ್ಳಿ ಬರ್ತದಲ್ಲ," ಎಂದೆ. "ಆ ಕೊನೆಯ ಹೂವಿಗೆ ಬಣ್ಣ ಹಾಕಿ ಮುಗಿಸಿಬಿಡಿ. ನಿಮಗೂ ಸಮಾಧಾನ."

ಲೋಕಲ್ ಬರುತ್ತಿತ್ತು. ಹೆಂಗಸರೆಲ್ಲ ಸೆರಗು ಬಿಗಿದು ಮುಂದಕ್ಕೆ ಸರಿದರು. ಅವರೂ ಸರಿದರು. ಸರಿಯುತ್ತಲೇ ಹೇಳಿದರು:

"ಹಚ್ಚೂದಿಲ್ರಿ. ಹಚ್ಚಿದ್ರ ಆಕಿ ಏನಂತ ಕೇಳಬೇಕು?"